ಮುಂದೆ ಪೊಲೀಸ್ ಇದಾರೆ

ಹೋದ ತಿಂಗಳು ಆಯನೂರಿನಿಂದ ಶಿವಮೊಗ್ಗಕ್ಕೆ ಬೈಕಿನಲ್ಲಿ ಬರುತ್ತಿದ್ದೆ. ಸಂಜೆ ಐದರ ಹೊತ್ತು, ಬೆನ್ನಿಗೆ ಬಿಸಿಲು. ಎದುರಿನಿಂದ ಬಂದ ಬೈಕಿನವನು ಎರಡು ಸಲ ಹೆಡ್‌ಲೈಟ್ ಮಿನುಗಿಸಿ, ಎಡಗೈಯಲ್ಲಿ ತನ್ನ ತಲೆ ತಟ್ಟಿಕೊಂಡು ತೋರಿಸಿದ. ಅವನು ಯಾರೋ, ನಾನು ಯಾರೋ. ಆದರೂ ಸುದ್ದಿ ತಲುಪಿತು. ಮುಂದೆ ಪೊಲೀಸ್ ಇದಾರೆ, ಹೆಲ್ಮೆಟ್ ಹಾಕ್ಕೋ. ನನ್ನ ತಲೆ ಮೇಲೆ ಹೆಲ್ಮೆಟ್ ಇತ್ತು. ಆದರೂ ಕೈ ತಾನಾಗೇ ಗಲ್ಲದ ಕೆಳಗೆ ಹೋಗಿ ಬಕಲ್ ಮುಟ್ಟಿ ನೋಡಿತು. ಹಾಕಿರಲಿಲ್ಲ. ಗಾಡಿ ಪಕ್ಕಕ್ಕೆ ನಿಲ್ಲಿಸಿ, ಬಕಲ್ ಹಾಕಿಕೊಂಡು, ಕನ್ನಡಿಯಲ್ಲಿ ಒಂದು ಸಲ ಮುಖ ನೋಡಿಕೊಂಡು ಹೊರಟೆ. ಅಲ್ಲಿಯವರೆಗೂ ಬಕಲ್ ನೇತಾಡಿಸಿಕೊಂಡೇ ಬಂದಿದ್ದೆ. ಎರಡು ಲಾರಿ, ಒಂದು ಕಬ್ಬಿನ ಟ್ರ್ಯಾಕ್ಟರ್ ಓವರ್‌ಟೇಕ್ ಮಾಡಿದ್ದೆ. ಲಾರಿಯ ಚಕ್ರ ಮೊಣಕಾಲಿನ ಪಕ್ಕದಲ್ಲೇ ತಿರುಗುತ್ತಿದ್ದಾಗ ನೆನಪಾಗದ ಬಕಲ್ಲು ಖಾಕಿ ಅಂದ ಕೂಡಲೇ ನೆನಪಾಯಿತು.

ಮಲೆನಾಡಿನ ರಸ್ತೆಗೆ ಒಂದು ಕೈಭಾಷೆ ಇದೆ. ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಓಡಾಡಿದವರಿಗೆ ಅದು ಗೊತ್ತು. ಎದುರಿನವನು ಮುಂಗೈಯನ್ನು ಅಡ್ಡ ಮಲಗಿಸಿ ತೋರಿಸಿದರೆ ಮುಂದೆ ಮರ ಬಿದ್ದಿದೆ ಅಂತ. ಅಂಗೈ ಕೆಳಗೆ ಮಾಡಿ ನಿಧಾನಕ್ಕೆ ಒತ್ತಿದರೆ, ತಿರುವಿನಲ್ಲಿ ದನ ಮಲಗಿವೆ ಅಥವಾ ಧರೆ ಜಾರಿದೆ ಅಂತ. ಬಸ್ಸಿನ ಡ್ರೈವರ್‌ಗಳಾದರೆ ಕಿಟಕಿಗೆ ಕಿಟಕಿ ತಾಗುವ ಹಾಗೆ ನಿಲ್ಲಿಸಿಕೊಂಡು, ಹಿಂದೆ ಎಷ್ಟು ಜನ ಹಾರ್ನ್ ಹೊಡೆದರೂ ಸುದ್ದಿ ಮುಗಿಸಿಯೇ ಹೊರಡುವುದು. ಈ ಭಾಷೆಗೆ ತಲೆ ತಟ್ಟಿಕೊಳ್ಳುವುದು ಆಮೇಲೆ ಸೇರಿದ ಪದ, ಹೆಲ್ಮೆಟ್ಟಿನ ಜೊತೆ ಬಂದದ್ದು. ಆವತ್ತು ಮನೆ ಸೇರುವವರೆಗೂ ನನ್ನ ತಲೆಯಲ್ಲಿ ಓಡಿದ್ದು ಇದೇ. ಬಿದ್ದ ಮರ, ಮಲಗಿದ ದನ, ಜಾರಿದ ಧರೆ, ಆಮೇಲೆ ಪೊಲೀಸು. ಈ ನಾಲ್ಕೂ ಒಂದೇ ಪಟ್ಟಿಯಲ್ಲಿ ಹೇಗೆ ಬಂದವು ಮಾರಾಯ್ರೆ? ನಮ್ಮ ತಲೆ ಉಳಿಯಲಿ ಅಂತ ಸರ್ಕಾರ ನಿಲ್ಲಿಸಿದ ಮನುಷ್ಯನನ್ನು ನಾವು ಅಡ್ಡ ಬಿದ್ದ ಮರದ ಹಾಗೆ ಸುತ್ತಿ ದಾಟಿ ಹೋಗುತ್ತೇವೆ. ದಾಟಿದ ಮೇಲೆ ಮತ್ತೆ ಮೊದಲಿನ ಹಾಗೆ.

ಇದನ್ನು ಬೇರೆಯವರ ಬಗ್ಗೆ ಬರೆಯುತ್ತಿಲ್ಲ. ನೇತಾಡುತ್ತಿದ್ದ ಬಕಲ್ ನನ್ನದೇ.

ನಮ್ಮ ತಿರುವು

ನಮ್ಮ ಬಡಾವಣೆಯಿಂದ ಪೇಟೆಗೆ ಹೋಗುವ ದಾರಿಯಲ್ಲಿ ಒಂದು ತಿರುವಿದೆ. ಯಾವುದು ಅಂತ ಬೇಡ. ಶಿವಮೊಗ್ಗದಲ್ಲಿ ಅವರವರ ತಿರುವು ಅವರವರಿಗೆ ಗೊತ್ತೇ ಇರುತ್ತದೆ. ಅಲ್ಲೊಂದು ದೊಡ್ಡ ಹೊಂಗೆ ಮರ. ಬೆಳಿಗ್ಗೆ ಹತ್ತೂವರೆ ಆಗುತ್ತಲೂ ಮರದ ಕೆಳಗೆ ಜೀಪು ಬಂದು ನಿಲ್ಲುತ್ತದೆ. ಹನ್ನೆರಡೂವರೆಗೆ ಹೊರಡುತ್ತದೆ. ಗಡಿಯಾರ ತಪ್ಪಬಹುದು, ಜೀಪು ತಪ್ಪುವುದಿಲ್ಲ. ಅದಕ್ಕೆ ನೂರು ಮೀಟರ್ ಮುಂಚೆ ಎಳನೀರಿನ ಗಾಡಿ ಇದೆ. ಅವನ ಹತ್ತಿರ ಎಳನೀರು ಕುಡಿಯುವವರಿಗಿಂತ ಅವನ ಎದುರು ನಿಂತು ಹೆಲ್ಮೆಟ್ ಹಾಕಿಕೊಳ್ಳುವವರೇ ಜಾಸ್ತಿ. ಮರೆತು ಹೋಗುತ್ತಿದ್ದವರನ್ನು ಅವನೇ ಕೂಗಿ ಕರೆಯುತ್ತಾನೆ. "ಸಾರ್, ಇದಾರೆ, ಹಾಕ್ಕೊಳ್ಳಿ." ಹೆಲ್ಮೆಟ್ ತರದೇ ಇದ್ದವರಿಗೆ ಎಡಕ್ಕೆ ಒಂದು ಗಲ್ಲಿ. ಆ ಗಲ್ಲಿ ಒಂದು ಶಾಲೆಯ ಹಿಂಬಾಗಿಲಿನ ಎದುರು ಹಾದುಹೋಗುತ್ತದೆ. ಅಂದರೆ ಹತ್ತೂವರೆಯಿಂದ ಹನ್ನೆರಡೂವರೆವರೆಗೆ ದೊಡ್ಡ ರಸ್ತೆಯ ಅವಸರವೆಲ್ಲ ಮಕ್ಕಳು ಓಡಾಡುವ ಗಲ್ಲಿಗೆ ನುಗ್ಗುತ್ತದೆ. ಗಾಡಿ ಓಡಿಸುವವರು ಮೊದಲಿನವರೇ. ಓಡಿಸುವ ಜಾಗ ಮಾತ್ರ ಬದಲು.

ತಿರುವು ದಾಟಿದ ಮೇಲೆ ಹೆಲ್ಮೆಟ್ ಮತ್ತೆ ಮೊಣಕೈಗೆ. ಈ ಮೊಣಕೈ ಹೆಲ್ಮೆಟ್ ನನಗೆ ಇಂದಿಗೂ ಅರ್ಥವಾಗಿಲ್ಲ. ಭಾರ ಅಂದರೆ ಅದನ್ನು ಹೊತ್ತೇ ಇದ್ದೀಯ. ಸೆಕೆ ಅಂದರೆ ಕೈಗೂ ಸೆಕೆಯೇ. ನಮ್ಮ ಊರಿನ ಮೊಣಕೈಗಳಷ್ಟು ಭದ್ರವಾಗಿರುವ ಮೊಣಕೈ ಬೇರೆಲ್ಲೂ ಇರಲಾರವು.

ಮೂರು ವರ್ಷದ ಹಿಂದೆ ಗೌರಿ ಹಬ್ಬದ ಹಿಂದಿನ ದಿನ ಅದೇ ತಿರುವಿನಲ್ಲಿ ನಾನು ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಳನೀರಿನವನು ಆವತ್ತು ರಜಾ. ಕೂಗಿ ಹೇಳುವವರಿಲ್ಲ. ಒಬ್ಬ ಹುಡುಗ, ಪಿಯುಸಿ ಇರಬೇಕು, ಸ್ಕೂಟರಿನಲ್ಲಿ ತಿರುವಿಗೆ ಬಂದ. ಜೀಪು ಕಂಡಿತು. ಎದೆ ಧಸಕ್ ಅಂದದ್ದು ಅವನ ಮುಖದಲ್ಲೇ ಕಾಣುತ್ತಿತ್ತು. ಹಿಂದೆ ಮುಂದೆ ನೋಡದೆ ಗಾಡಿಯನ್ನು ಗಕ್ಕನೆ ತಿರುಗಿಸಿದ. ಹಿಂದಿನಿಂದ ಒಬ್ಬ ಮುದುಕ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಸೈಕಲ್ಲಿನ ಕ್ಯಾರಿಯರ್ ಮೇಲೆ ಬಾಳೆಲೆ ಕಟ್ಟು, ಹ್ಯಾಂಡಲ್ಲಿನ ಎರಡೂ ಕಡೆ ಮಾವಿನ ಸೊಪ್ಪು. ಸ್ಕೂಟರ್ ನೇರ ಮುಂದಿನ ಚಕ್ರಕ್ಕೆ ಹೋಯಿತು.

ಸದ್ದು ಅಂಥದ್ದೇನೂ ಬರಲಿಲ್ಲ. ಬಾಳೆಲೆ ರಸ್ತೆಗೆ ಹರಡಿದ ಸದ್ದು, ಒದ್ದೆ ಬಟ್ಟೆ ಒಗೆದ ಹಾಗೆ. ಮುದುಕ ಕೂತಂತೆಯೇ ಬಿದ್ದಿದ್ದ. ಮೊಣಕಾಲು ತರಚಿ ರಕ್ತ. ಅವನು ಕಾಲು ನೋಡಿಕೊಳ್ಳಲಿಲ್ಲ. ಎಲೆಗಳನ್ನು ಒಂದೊಂದೇ ತಿರುಗಿಸಿ ಹರಿದಿದೆಯಾ ಅಂತ ನೋಡತೊಡಗಿದ. ಹರಿದದ್ದು ಎಡಕ್ಕೆ, ಸರಿಯಿದ್ದದ್ದು ಬಲಕ್ಕೆ. ಹಬ್ಬದ ದಿನ ಹರಿದ ಎಲೆ ಯಾರು ತಗೊಳ್ತಾರೆ? ಜೀಪಿನ ಹತ್ತಿರ ಇದ್ದ ಪೊಲೀಸರಲ್ಲಿ ಒಬ್ಬರು ಓಡಿ ಬಂದರು. ಹುಡುಗನಿಗೆ ಬಯ್ಯುತ್ತಾರೆ ಅಂದುಕೊಂಡೆ. ಅವರು ಬಗ್ಗಿ ಎಲೆ ಆಯತೊಡಗಿದರು. ನಾವು ಇಬ್ಬರು ಮೂವರು ಸೇರಿಕೊಂಡೆವು. ಹುಡುಗನೂ ಸೇರಿಕೊಂಡ, ಅವನ ಕೈ ನಡುಗುತ್ತಿತ್ತು. ಎದುರಿನ ಕಾರುಗಳು ಎಲೆ ಮೇಲೆ ಹತ್ತದ ಹಾಗೆ ಮತ್ತೊಬ್ಬ ಪೊಲೀಸ್ ಕೈ ಅಡ್ಡ ಹಿಡಿದು ನಿಂತಿದ್ದರು. ಒಂದು ಐದು ನಿಮಿಷ ಆ ತಿರುವಿನಲ್ಲಿ ಯಾರಿಗೂ ದಂಡ ಇಲ್ಲ, ಯಾರೂ ತಪ್ಪಿಸಿಕೊಳ್ಳಲೂ ಇಲ್ಲ.

ಆಮೇಲೆ ಹುಡುಗ ಸ್ಕೂಟರಿನ ಸೀಟು ಎತ್ತಿದ. ಒಳಗೆ ಹೆಲ್ಮೆಟ್ ಇತ್ತು. ಹೊಸದು. ಗಾಜಿಗೆ ಅಂಟಿಸಿದ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. "ಅಪ್ಪ ಕೊಡ್ಸಿದ್ದು ಸರ್" ಅಂದ. ಯಾರೂ ಮಾತಾಡಲಿಲ್ಲ. ಮುದುಕನಿಗೆ ಎಲೆಯ ದುಡ್ಡು ಹುಡುಗನೇ ಕೊಟ್ಟ, ಸಾಲದ್ದನ್ನು ನಾವು ಹಾಕಿದೆವು.

ತಪ್ಪು ಹುಡುಗನದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಆಗಿನಿಂದ ಯೋಚಿಸುತ್ತಿರುವುದು ಬೇರೆ. ಅವನಿಗೆ ರಸ್ತೆಯಲ್ಲಿ ಹೆದರಿಕೆ ಹುಟ್ಟಿಸಿದ್ದು ಒಂದೇ, ಅದು ಜೀಪು. ಹಿಂದೆ ಬರುವ ಗಾಡಿ, ತಿರುವು, ವೇಗ, ಇವು ಯಾವುವೂ ಅವನಿಗೆ ಹೆದರಿಕೆ ಹುಟ್ಟಿಸಿರಲಿಲ್ಲ. ಹೆದರಿಕೆ ಇಲ್ಲದ ಕಡೆ ಎಚ್ಚರವೂ ಇರಲಿಲ್ಲ.

ದಂಡದ ರೇಟು

2019ರ ಸೆಪ್ಟೆಂಬರ್ ನೆನಪಿದೆಯಾ? ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಆ ತಿಂಗಳ 1ನೇ ತಾರೀಕಿನಿಂದ ಜಾರಿಗೆ ಬಂತು. ಹೆಲ್ಮೆಟ್ ಇಲ್ಲದಿದ್ದರೆ ಒಂದೇ ಏಟಿಗೆ 1000 ರೂಪಾಯಿ. ಕುಡಿದು ಓಡಿಸಿದರೆ 10,000. ಹದಿನೆಂಟು ತುಂಬದ ಮಕ್ಕಳ ಕೈಗೆ ಗಾಡಿ ಕೊಟ್ಟರೆ ಅಪ್ಪ ಅಮ್ಮನಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು. ಆ ಎರಡು ಮೂರು ವಾರ ಎಂಥಾ ಗಡಿಬಿಡಿ! ಹೊಗೆ ತಪಾಸಣೆ ಕೇಂದ್ರದ ಮುಂದೆ ಸಾಲು. ವರ್ಷಗಟ್ಟಲೆ ಇನ್ಶೂರೆನ್ಸ್ ಕಟ್ಟದವರು ಏಜೆಂಟನ್ನು ಹುಡುಕಿಕೊಂಡು ಹೋದರು. ರಸ್ತೆ ಬದಿಯಲ್ಲಿ ಟಾರ್ಪಾಲು ಹಾಸಿ ಹೆಲ್ಮೆಟ್ ರಾಶಿ ಹಾಕಿದವರಿಗೆ ದೀಪಾವಳಿ ಮುಂಚೆಯೇ ಬಂತು. ಕೊಂಡವರು ಕೇಳುತ್ತಿದ್ದ ಪ್ರಶ್ನೆ ಒಂದೇ, "ಇದನ್ನ ಹಾಕಿದ್ರೆ ಪೊಲೀಸರು ಬಿಡ್ತಾರಲ್ವಾ?" ಐಎಸ್ಐ ಗುರುತು ನೋಡಿದವರು ಕಡಿಮೆ. ಬಿದ್ದರೆ ತಲೆ ಉಳಿಯುತ್ತದಾ ಅಂತ ಕೇಳಿದವರು ಇನ್ನೂ ಕಡಿಮೆ. ಕಡಲೆಬೀಜದ ಸಿಪ್ಪೆಯಂಥ ಅರ್ಧ ಟೊಪ್ಪಿಗೆಗಳು ಭರ್ಜರಿ ಮಾರಾಟವಾದವು.

ತಿಂಗಳು ತುಂಬುವ ಮುಂಚೆಯೇ ನಮ್ಮ ರಾಜ್ಯ ಸರ್ಕಾರ ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ ದಂಡ 500ಕ್ಕೆ ಬಂತು. ಸಾಲುಗಳು ಕರಗಿದವು. ಮುಂದೆ 2023ರ ಫೆಬ್ರವರಿಯಲ್ಲಿ ಬಾಕಿ ದಂಡ ಕಟ್ಟಿದರೆ ಅರ್ಧಕ್ಕೆ ಅರ್ಧ ರಿಯಾಯಿತಿ ಅಂತ ಘೋಷಣೆಯಾಯಿತು. ಜನ ಮುಗಿಬಿದ್ದು ಕಟ್ಟಿದರು. ಸೀರೆ ಅಂಗಡಿಯ ಆಷಾಢದ ಸೇಲಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ನನ್ನ ಹೆಂಡತಿ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಷಾಢದಲ್ಲಿ ಅರ್ಧ ರೇಟಿಗೆ ಸಿಗುತ್ತದೆ ಅಂತ ಗೊತ್ತಿದ್ದರೆ ಚೈತ್ರದಲ್ಲಿ ಯಾರು ಪೂರ್ತಿ ಕೊಡ್ತಾರೆ?

ದಂಡ ಜಾಸ್ತಿ ಮಾಡಿದರೆ ಜನ ಸರಿಹೋಗುತ್ತಾರೆ ಅಂತ ನಾನೂ ನಂಬಿದ್ದೆ. ಈಗ ಅಷ್ಟು ನಂಬಿಕೆ ಇಲ್ಲ. ಮನುಷ್ಯ ಲೆಕ್ಕ ಹಾಕುವುದು ಎಷ್ಟು ಕಟ್ಟಬೇಕು ಅಂತಲ್ಲ. ಸಿಕ್ಕಿಬೀಳ್ತೀನಾ ಅಂತ. ನೂರು ಸಲ ಹೋದರೆ ಒಂದು ಸಲ 1000 ಕಟ್ಟಬೇಕಾದವನು ಅದನ್ನು ದುರದೃಷ್ಟ ಅಂತ ಬಿಟ್ಟುಬಿಡುತ್ತಾನೆ. ಹತ್ತು ಸಲ ಹೋದರೆ ಐದು ಸಲ ನೂರು ನೂರು ಕಟ್ಟಬೇಕಾದವನು ಆರನೇ ಸಲ ಹೆಲ್ಮೆಟ್ ಹಾಕಿಕೊಂಡೇ ಮನೆಯಿಂದ ಹೊರಡುತ್ತಾನೆ.

ಇದನ್ನು ರಾಜಸ್ಥಾನದಲ್ಲಿ ಪೊಲೀಸರ ಜೊತೆ ಸೇರಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಜೊತೆಗಾರರು. ಹೌದು, ಆ 2019ರಲ್ಲೇ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ರಾತ್ರಿ ಕುಡಿದು ಓಡಿಸುವವರನ್ನು ಹಿಡಿಯಲು ಕೆಲವು ಠಾಣೆಗಳ ವ್ಯಾಪ್ತಿಯಲ್ಲಿ ಒಂದೇ ಜಾಗದಲ್ಲಿ ನಾಕಾಬಂದಿ ಹಾಕಿದರು. ಬೇರೆ ಕೆಲವು ಕಡೆ ಜಾಗ ಬದಲಾಯಿಸುತ್ತಾ ಹೋದರು. ಜಾಗ ಬದಲಾಯಿಸಿದ ಕಡೆ ರಾತ್ರಿ ಅಪಘಾತ ಶೇ 17ರಷ್ಟು, ರಾತ್ರಿ ಸಾವು ಶೇ 25ರಷ್ಟು ಇಳಿದವು. ಒಂದೇ ಜಾಗದಲ್ಲಿ ನಿಂತ ಕಡೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಆಗಲಿಲ್ಲ. ದಂಡದ ರೇಟು ಎರಡೂ ಕಡೆ ಒಂದೇ. ಕಾನೂನೂ ಒಂದೇ. ಜನ ಬೇಗ ಕಲಿಯುತ್ತಾರೆ, ಅಷ್ಟೇ. ಒಂದೇ ಕಡೆ ನಿಂತರೆ ಆ ಜಾಗವನ್ನು ಕಲಿಯುತ್ತಾರೆ, ಪಕ್ಕದ ಗಲ್ಲಿಯನ್ನೂ ಕಲಿಯುತ್ತಾರೆ. ಓದಿದಾಗ ನನಗೆ ನೇರ ಹೊಂಗೆ ಮರವೇ ಕಣ್ಣ ಮುಂದೆ ಬಂತು.

ನಿಧಾನ ಬರೋನು

ಅದೇ ಹುಮ್ಮಸ್ಸಿನಲ್ಲಿ ಒಬ್ಬ ಪೊಲೀಸರನ್ನು ಕೇಳಿದೆ. ಚಹಾ ಅಂಗಡಿಯಲ್ಲಿ ಪರಿಚಯವಾದವರು, ನಿವೃತ್ತಿಗೆ ಹತ್ತಿರ ಇದ್ದರು. ಜೋರು ಮಳೆ, ಇಬ್ಬರಿಗೂ ಹೊರಗೆ ಹೋಗುವ ಹಾಗಿಲ್ಲ. "ನೀವು ದಿನಾ ಒಂದೇ ಕಡೆ ಯಾಕೆ ನಿಲ್ತೀರಿ ಸರ್?" ಅಂದೆ. ಅವರು ಚಹಾ ಲೋಟ ಕೆಳಗಿಟ್ಟು ನಕ್ಕರು. ಹಿಡಿದ ಗಾಡಿ ನಿಲ್ಲಿಸೋಕೆ ಜಾಗ ಬೇಕಲ್ಲ ಅಂದರು. ನೆರಳು ಬೇಕು. ದಂಡ ಬರೆಯೋಕೆ ಎಎಸ್‌ಐ ಅಥವಾ ಅವರಿಗಿಂತ ಮೇಲಿನವರು ಜೊತೆಗಿರಬೇಕು, ಅವರಿಗೆ ನೂರೆಂಟು ಕೆಲಸ. ಗಣಪತಿ ಮೆರವಣಿಗೆ ಬಂದೋಬಸ್ತು, ಮಂತ್ರಿಗಳು ಬಂದರೆ ಅದು, ಸಂತೆ ದಿನ ಸಂತೆ. ಉಳಿದ ಸಮಯದಲ್ಲಿ ಹೆಲ್ಮೆಟ್ಟು.

"ಅಲ್ಲ ಸರ್, ಸಾಯೋರು ಅಲ್ಲಿ ಸಾಯೋದಿಲ್ಲವಲ್ಲ" ಅಂದೆ. "ಹೊರಗಡೆ ಹೆದ್ದಾರಿಯಲ್ಲಿ ಸಾಯ್ತಾರೆ."

ಅದಕ್ಕೆ ಅವರು ಹೇಳಿದ ಮಾತು ನನಗೆ ಎಷ್ಟೋ ದಿನ ಬಿಡಲಿಲ್ಲ. "ಜೋರಾಗಿ ಬರೋನ ಮುಂದೆ ಹೋಗಿ ನಿಲ್ಲೋಕಾಗುತ್ತಾ? ಹೊಡೆದುಕೊಂಡೇ ಹೋಗ್ತಾನೆ. ನಾವು ನಿಲ್ಲಿಸೋಕಾಗೋದು ನಿಧಾನ ಬರೋನ್ನ."

ಇಡೀ ಕಥೆ ಇಷ್ಟೇ ಅಲ್ವಾ? ಸರ್ಕಲ್ಲಿನಲ್ಲಿ ಎಲ್ಲರೂ ನಿಧಾನ. ಅಮೀರ್ ಅಹಮದ್ ಸರ್ಕಲ್ಲಿನಲ್ಲಿ ಸಂಜೆ ಆರಕ್ಕೆ ಯಾರಾದರೂ ಮೂವತ್ತರ ಮೇಲೆ ಓಡಿಸಿ ತೋರಿಸಲಿ. ಅಲ್ಲಿ ಗಾಡಿ ಗಾಡಿ ಉಜ್ಜಿದರೆ ಕನ್ನಡಿ ಮುರಿಯಬಹುದು, ನಾಲ್ಕು ಬಯ್ಗುಳ ಬೀಳಬಹುದು. ಜೀವ ಹೋಗುವುದು ಅಪರೂಪ. ಜೀವ ಹೋಗುವ ಜಾಗ ರಸ್ತೆ ಚೆನ್ನಾಗಿರುವ ಕಡೆ. ನಮ್ಮ ಬಿ.ಎಚ್. ರೋಡಿನ ಫಜೀತಿಯೂ ಅದೇ. ಕಾಲೇಜು, ಅಂಗಡಿ, ಬಸ್ ಸ್ಟ್ಯಾಂಡ್ ಇರುವ ಪೇಟೆ ಬೀದಿ ಅದು. ಜೊತೆಗೆ ಹೊನ್ನಾವರದಿಂದ ಬರುವ ರಾಷ್ಟ್ರೀಯ ಹೆದ್ದಾರಿ 69ರ ಲಾರಿಯವನಿಗೆ ಹಗಲಿಡೀ ಘಾಟಿಯಲ್ಲಿ ತೆವಳಿದ ಮೇಲೆ ಸಿಕ್ಕ ನೆಟ್ಟನೆ ದಾರಿಯೂ ಅದೇ. ಒಂದೇ ಟಾರಿನ ಮೇಲೆ ಹೂವು ಕೊಳ್ಳಲು ಬಂದವಳೂ ಇದ್ದಾಳೆ, ಬೆಳಗಾಗುವುದರೊಳಗೆ ಬೆಂಗಳೂರು ಮುಟ್ಟಬೇಕಾದವನೂ ಇದ್ದಾನೆ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬೈಕು, ಸ್ಕೂಟರಿನವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029, ಅವರಲ್ಲಿ 14 ಸಾವಿರಕ್ಕೂ ಹೆಚ್ಚು ಹಿಂದೆ ಕೂತವರು. ಸಾವುಗಳಲ್ಲಿ ಶೇ 60ರಷ್ಟು ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಲ್ಲೇ ಆದದ್ದು. ಕಾರಣದ ಪಟ್ಟಿಯಲ್ಲಿ ಅತಿ ವೇಗವೇ ಮೊದಲು, ಶೇ 70ಕ್ಕೂ ಜಾಸ್ತಿ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾಯುವ ಅಪಘಾತದ ಸಂಭವ ಶೇ 4ರಷ್ಟು ಏರುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಲ್ಮೆಟ್ ಹಿಡಿಯುವುದು ಸುಲಭ, ಕಣ್ಣಿಗೆ ಕಾಣುತ್ತದೆ. ವೇಗ ಕಣ್ಣಿಗೆ ಕಾಣುವಷ್ಟರಲ್ಲಿ ಹೋಗಿಬಿಟ್ಟಿರುತ್ತದೆ.

ಹಾಗಂತ ವೇಗವನ್ನು ಹಿಡಿಯಲು ಆಗುವುದೇ ಇಲ್ಲ ಅಂತಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ 2023ರ ಮೇ, ಜೂನ್ ತಿಂಗಳುಗಳಲ್ಲಿ ತಿಂಗಳಿಗೆ ಇಪ್ಪತ್ತಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಜುಲೈಯಲ್ಲಿ ಪೊಲೀಸರು ಸ್ಪೀಡ್ ಗನ್ ಹಿಡಿದು ದಾರಿಯುದ್ದಕ್ಕೂ ನಿಂತರು. ನೂರರ ಮೇಲೆ ಹೋದವರಿಗೆಲ್ಲ ದಂಡ. ಆ ತಿಂಗಳು ಸಾವು ಒಂದಂಕಿಗೆ ಇಳಿಯಿತು. ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಅಲ್ಲಿ ಪ್ರವೇಶವೇ ಬಂದ್ ಆಯಿತು. ಅಂದರೆ ಪೊಲೀಸ್ ನಿಂತರೆ ಜೀವ ಉಳಿಯುತ್ತದೆ, ಅನುಮಾನ ಬೇಡ. ಎಲ್ಲಿ ನಿಂತರು, ಯಾವುದನ್ನು ಹಿಡಿದರು ಅನ್ನುವುದರ ಮೇಲೆ ಇದೆ.

ಈಗ ನಮ್ಮ ಊರಿನ ದೊಡ್ಡ ಸರ್ಕಲ್ಲುಗಳಲ್ಲೂ ಕ್ಯಾಮೆರಾ ಬಂದಿವೆ. ಕ್ಯಾಮೆರಾಕ್ಕೆ ನೆರಳು ಬೇಡ, ಚಹಾ ಬೇಡ, ಪರಿಚಯದವರೂ ಇಲ್ಲ. ಅದು ಒಳ್ಳೆಯದೇ. ಆದರೆ ನೋಟಿಸು ಬರುವಷ್ಟರಲ್ಲಿ ನಾವು ಆವತ್ತು ಎಲ್ಲಿಗೆ ಹೋಗಿದ್ದೆವು ಅನ್ನುವುದೇ ಮರೆತಿರುತ್ತದೆ. ನಮ್ಮ ಪಕ್ಕದ ಮನೆಯವರಿಗೆ ಒಂದು ಬಂತು. ಫೋಟೋದಲ್ಲಿ ಅವರ ಸ್ಕೂಟರ್ ಇದೆ, ಮೇಲೆ ಮೂವರು ಅಪರಿಚಿತರು. ಗಾಡಿ ಮಾರಿ ಎರಡು ವರ್ಷವಾಗಿತ್ತು, ಹೆಸರು ಬದಲಾಯಿಸಿರಲಿಲ್ಲ. ಪಾಪ, ಮೂವರಲ್ಲಿ ಓಡಿಸುತ್ತಿದ್ದವನು ನಗುತ್ತಿದ್ದ.

ಗಾಜನೂರು ದಾಟಿದ ಮೇಲೆ

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ ನಮ್ಮಣ್ಣನ ಕಾರಣಕ್ಕೆ. ದೊಡ್ಡಪ್ಪನ ಮಗ, ತೀರ್ಥಹಳ್ಳಿ ಹತ್ತಿರ ತೋಟ. ವಾರಕ್ಕೊಮ್ಮೆ ಶಿವಮೊಗ್ಗಕ್ಕೆ ಬರುತ್ತಿದ್ದ. ಅವನದೊಂದು ನಿಯಮವಿತ್ತು. ಪೇಟೆ ಒಳಗೆ ಹೆಲ್ಮೆಟ್ ತಪ್ಪಿಸುತ್ತಿರಲಿಲ್ಲ. ವಾಪಸ್ ಹೋಗುವಾಗ ಗಾಜನೂರು ಡ್ಯಾಮ್ ದಾಟಿದ ಕೂಡಲೇ ತೆಗೆದು ಕನ್ನಡಿಗೆ ಸಿಕ್ಕಿಸುತ್ತಿದ್ದ. "ಗಾಜನೂರು ದಾಟಿದ ಮೇಲೆ ಎಂತಾ ಪೊಲೀಸು ಮಾರಾಯ. ಸಕ್ರೆಬೈಲಿನಲ್ಲಿ ಆನೆ ಬಂದು ದಂಡ ಹಾಕ್ತದಾ?" ಅನ್ನುತ್ತಿದ್ದ. ಆ ದಾರಿಯಲ್ಲಿ ಸಿಗುವ ಆನೆ ಬಿಡಾರ ಅದು. ನಾವೆಲ್ಲ ನಗುತ್ತಿದ್ದೆವು. ಪೇಟೆಯೊಳಗೆ ಗಾಡಿ ಇಪ್ಪತ್ತರಲ್ಲಿ ಹೋಗುವಾಗ ಹೆಲ್ಮೆಟ್ ತಲೆ ಮೇಲೆ. ಒಂದು ಕಡೆ ಕಾಡು, ಇನ್ನೊಂದು ಕಡೆ ತುಂಗೆ, ಗಾಡಿ ಅರವತ್ತರಲ್ಲಿ ಹೋಗುವಾಗ ಕನ್ನಡಿಗೆ. ಅವನೊಬ್ಬನೇ ಹೀಗಲ್ಲ, ಆ ದಾರಿಯ ಅರ್ಧ ಊರು ಹೀಗೇ.

ಮಂಡಗದ್ದೆಗೆ ಸ್ವಲ್ಪ ಮುಂಚೆ ಒಂದು ಕರು ಅಡ್ಡ ಬಂತು. ಆಗಸ್ಟ್ ತಿಂಗಳು, ಜಿಟಿಜಿಟಿ ಮಳೆ, ರಸ್ತೆ ಮೇಲೆ ಎಲೆ ಕೊಳೆತು ನುಣ್ಣಗಾಗಿತ್ತು. ಬ್ರೇಕ್ ಹಿಡಿದ, ಗಾಡಿ ಮಲಗಿತು, ಅವನು ಅಂಗಾತ ಬಿದ್ದ. ಮೈಗೆ ಅಂಥಾ ಗಾಯವಿಲ್ಲ. ತಲೆಯ ಹಿಂಭಾಗ ಟಾರಿಗೆ ಬಡಿಯಿತು. ಹೆಲ್ಮೆಟ್ ಕನ್ನಡಿಯಿಂದ ಕಳಚಿ ಉರುಳಿಕೊಂಡು ಹೋಗಿ ಚರಂಡಿಯ ನೀರಿನಲ್ಲಿ ತೇಲುತ್ತಿತ್ತಂತೆ. ಅದಕ್ಕೆ ಒಂದು ಗೀರೂ ಆಗಿರಲಿಲ್ಲ. ನಮ್ಮ ಕಡೆ ಫೋನಿನಲ್ಲಿ "ಮಣಿಪಾಲಕ್ಕೆ ಬರೆದುಕೊಟ್ಟಿದಾರೆ" ಅಂದರೆ ಮುಂದಿನದು ಯಾರೂ ಕೇಳುವುದಿಲ್ಲ. ಬಟ್ಟೆ ಚೀಲ ತಗೊಂಡು ಹೊರಡುತ್ತಾರೆ. ನಾವೂ ಹಾಗೇ ಹೊರಟೆವು.

ಹನ್ನೊಂದು ದಿನಕ್ಕೆ ಮನೆಗೆ ಬಂದ. ನಡೆಯುತ್ತಾನೆ, ಮಾತಾಡುತ್ತಾನೆ, ಎಲ್ಲರ ಗುರುತೂ ಇದೆ. ದೇವರು ದೊಡ್ಡವನು ಅಂದೆವು. ಅತ್ತಿಗೆ ಕಾಫಿ ತಂದುಕೊಟ್ಟಳು. ಒಂದು ಗುಟುಕು ಕುಡಿದು, "ಇದೆಂತ ಬಿಸಿನೀರು ಕೊಟ್ಟಿದ್ದೀಯ?" ಅಂದ. ಕಾಫಿ ಸರಿಯಾಗಿಯೇ ಇತ್ತು. ನಾನೂ ಕುಡಿದಿದ್ದೆ. ಆಮೇಲೆ ಡಾಕ್ಟರ್ ಹೇಳಿದರು. ತಲೆಯ ಹಿಂಭಾಗಕ್ಕೆ ಏಟು ಬಿದ್ದಾಗ ಮಿದುಳು ಒಳಗೇ ಮುಂದಕ್ಕೆ ಜಗ್ಗುತ್ತದಂತೆ. ಮೂಗಿನಿಂದ ಮಿದುಳಿಗೆ ಹೋಗುವ ನರಗಳು ದಾರದ ಎಳೆಯಷ್ಟು ಸಣ್ಣ. ಆ ಜಗ್ಗಿಗೆ ಹರಿದುಹೋಗುತ್ತವೆ. ಕೆಲವರಿಗೆ ವಾಪಸ್ ಬರುತ್ತದೆ, ಕೆಲವರಿಗೆ ಇಲ್ಲ. ಅಣ್ಣನಿಗೆ ಬರಲಿಲ್ಲ.

ವಾಸನೆ ಹೋದರೆ ಏನು ಮಹಾ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆ ವರ್ಷ ಕೊಯ್ಲಿನ ಹೊತ್ತಿಗೆ ಅವರ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಹಂಡೆ ಹೂಡಿ ಅಡಿಕೆ ಬೇಯಿಸುತ್ತಿದ್ದರು. ಚೊಗರು ಅಂದರೆ ಅಡಿಕೆ ಬೆಂದ ನೀರು, ಅದರ ಒಗರು ವಾಸನೆ ಗೇಟಿನ ಹತ್ತಿರಕ್ಕೇ ಬರುತ್ತಿತ್ತು. ನಮಗೆ ಅದು ಬರೀ ವಾಸನೆ ಅಲ್ಲ, ಅಡಿಕೆ ಬೆಂದಿದೆಯಾ ಇಲ್ಲವಾ ಅಂತ ಅದರಲ್ಲೇ ಗೊತ್ತಾಗುತ್ತದೆ. ಅಣ್ಣ ಹಂಡೆಯ ಹತ್ತಿರ ನಿಂತಿದ್ದ. ಹಬೆ ಮುಖಕ್ಕೆ ಹೊಡೆಯುವ ಹಾಗೆ ಬಗ್ಗಿದ. ಜೋರಾಗಿ ಉಸಿರೆಳೆದುಕೊಂಡ. ಮತ್ತೊಮ್ಮೆ ಎಳೆದುಕೊಂಡ. ಆಮೇಲೆ ಕೆಲಸದವನ ಕಡೆ ತಿರುಗಿ ಮೆಲ್ಲಗೆ ಕೇಳಿದ, "ಆಯ್ತೇನೋ?"

ಮೂವತ್ತು ವರ್ಷ ಬೇರೆಯವರು ಅವನನ್ನು ಕೇಳುತ್ತಿದ್ದ ಪ್ರಶ್ನೆ ಅದು. ಈಗ ಗ್ಯಾಸ್ ಒಲೆ ಇರುವ ಕಡೆ ಅವನೊಬ್ಬನನ್ನೇ ಬಿಡುವುದಿಲ್ಲ. ಹಾಲು ಹೊತ್ತಿದರೂ ಗೊತ್ತಾಗುವುದಿಲ್ಲ. ಮೊದಲ ಮಳೆ ಬಿದ್ದಾಗ ಎಲ್ಲರೂ ಜಗಲಿಗೆ ಬಂದರೆ, ಅವನೂ ಬಂದು ಸುಮ್ನೆ ನೋಡಿ ಒಳಗೆ ಹೋಗುತ್ತಾನೆ.

ಒಳ್ಳೆಯ ಹೆಲ್ಮೆಟ್ ತಲೆಗೆ ಏಟು ಬೀಳುವ ಅಪಾಯವನ್ನು ಶೇ 69ರಷ್ಟು, ಸಾಯುವ ಅಪಾಯವನ್ನು ಶೇ 42ರಷ್ಟು ತಗ್ಗಿಸುತ್ತದೆ. ಹತ್ತಾರು ಅಧ್ಯಯನಗಳನ್ನು ಒಟ್ಟು ಹಾಕಿ ತೆಗೆದ ಲೆಕ್ಕ ಇದು. ಅಣ್ಣನ ಹೆಲ್ಮೆಟ್ ಒಳ್ಳೆಯದೇ ಇತ್ತು, ಐಎಸ್ಐ ಗುರುತಿನದು. ಅವನಿಗೆ ಹೆಲ್ಮೆಟ್ ಹಾಕುವುದೂ ಗೊತ್ತಿತ್ತು. ವರ್ಷಗಟ್ಟಲೆ ನಾವು ಅವನಿಗೆ ಕಲಿಸಿದ್ದು ಗಾಜನೂರಿನವರೆಗೆ ಮಾತ್ರ. ನಾವು ಅಂದರೆ ಪೊಲೀಸರೂ, ಎದುರು ಬಂದು ತಲೆ ತಟ್ಟಿಕೊಂಡವರೂ, ಆನೆ ಜೋಕಿಗೆ ನಕ್ಕ ನಾನೂ.

ಒಂದು ಸುಳ್ಳು

ಹೋದ ಭಾನುವಾರ ಅಣ್ಣನನ್ನು ಕರೆದುಕೊಂಡು ಬರಲು ತೀರ್ಥಹಳ್ಳಿಗೆ ಹೋಗಿದ್ದೆ. ಅವನು ಈಗ ಗಾಡಿ ಓಡಿಸುವುದಿಲ್ಲ, ಹಿಂದೆ ಕೂರುತ್ತಾನೆ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಅಂತ ನಮ್ಮ ರಾಜ್ಯದಲ್ಲಿ ಆದೇಶವಾದದ್ದು 2016ರ ಜನವರಿಯಲ್ಲಿ. ಆ ದಾರಿಯಲ್ಲಿ ಅದನ್ನು ಪಾಲಿಸುವವನು ಬಹುಶಃ ಅಣ್ಣ ಒಬ್ಬನೇ. ಬಕಲ್ ಹಾಕಿದ್ದೀನಾ ಅಂತ ನನ್ನನ್ನು ಮೂರು ಸಲ ಕೇಳಿ ಆಮೇಲೆ ಹತ್ತುತ್ತಾನೆ.

ಮಂಡಗದ್ದೆ ದಾಟಿತು. ಎದುರಿನಿಂದ ಇಬ್ಬರು ಹುಡುಗರು ಬೈಕಿನಲ್ಲಿ ಬರುತ್ತಿದ್ದರು, ಒಳ್ಳೆ ಜೋರಾಗಿ. ಓಡಿಸುತ್ತಿದ್ದವನ ಹೆಲ್ಮೆಟ್ ಮೊಣಕೈಯಲ್ಲಿತ್ತು. ನಾನು ಅವರು ಹೋಗುತ್ತಿದ್ದ ಕಡೆಯಿಂದಲೇ ಬಂದವನು. ಅಲ್ಲಿ ತೀರ್ಥಹಳ್ಳಿವರೆಗೂ ಒಂದು ಖಾಕಿ ಕಂಡಿರಲಿಲ್ಲ. ಆದರೂ ನನ್ನ ಎಡಗೈ ಎದ್ದಿತು. ಹೆಡ್‌ಲೈಟ್ ಮಿನುಗಿಸಿ, ತಲೆ ತಟ್ಟಿಕೊಂಡು ತೋರಿಸಿದೆ.

ಕನ್ನಡಿಯಲ್ಲಿ ನೋಡಿದೆ. ಗಾಡಿ ನಿಧಾನವಾಯಿತು. ಬದಿಗೆ ನಿಂತಿತು. ಹುಡುಗ ಮೊಣಕೈಯಿಂದ ಹೆಲ್ಮೆಟ್ ತೆಗೆದು ತಲೆಗೆ ಹಾಕಿಕೊಂಡ. ಮತ್ತೆ ಹೊರಟ, ಈ ಸಲ ಅಷ್ಟು ಜೋರಿಲ್ಲ. ನಮ್ಮ ಹಿಂದೆಯೇ ಬರುತ್ತಿದ್ದ ಒಂದು ಸ್ಕೂಟರ್ ಅವನಿಗೆ ಎದುರಾಯಿತು. ಅದರವನ ತಲೆಯೂ ಬರಿದು. ಹುಡುಗ ಕೈ ಎತ್ತಿ ತನ್ನ ಹೆಲ್ಮೆಟ್ಟಿನ ಮೇಲೆ ಎರಡು ಸಲ ತಟ್ಟಿಕೊಂಡ.

"ಎಂತದು? ಪೊಲೀಸ್ ಇದಾರಾ?" ಅಂದ ಅಣ್ಣ ಹಿಂದಿನಿಂದ. "ನಂಗೆ ಎಲ್ಲೂ ಕಾಣಲಿಲ್ಲವಲ್ಲ."